ಬೇಲಿಯ ಬಾಡಿಗೆ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಒಂದು ಮಾತಿದೆ. ವೀಕೆಂಡಿಗೆ ಬಸ್ಸು ಹತ್ತಿ ಬರುವ ನನ್ನ ಬೆಂಗಳೂರಿನ ಗೆಳೆಯರು ಈ ಮಾತಿನ ಮೊದಲರ್ಧವನ್ನು ಮಾತ್ರ ಪಾಲಿಸಿ ವಾಪಸ್ ಹೋಗುತ್ತಾರೆ. ಹೊಳೆ ದಾಟಿ ಆನೆಗೊಂದಿ, ಗಂಗಾವತಿ ಹಾದು ಬಂದರೆ ಕನಕಾಚಲಪತಿಯ ಗುಡಿ ಇದೆ, ವೆಂಕಟಪತಿ ಬಾವಿ ಇದೆ. ವಿಜಯನಗರದ ನಂತರವೂ ಇಲ್ಲಿ ಆಳಿಕೊಂಡಿದ್ದ ಗುಜ್ಜಲ ವಂಶದ ನಾಯಕರ ಊರು ಇದು.

ಈ ಲೇಖನ ಗುಡಿಯ ಬಗ್ಗೆ ಅಲ್ಲ. ಇಂಥ ನಾಯಕರು, ಪಾಳೆಗಾರರು ತುಂಗಭದ್ರೆಯ ಎರಡೂ ದಂಡೆಯಲ್ಲಿ ಹತ್ತಾರು ಜನ ಇದ್ದರಲ್ಲ, ಅವರ ಆದಾಯದಲ್ಲಿ ಒಂದು ಬಾಬ್ತು ನನ್ನನ್ನು ಬಹಳ ದಿನದಿಂದ ಕಾಡಿದೆ. ಅದರ ಹೆಸರು ಕಾವಲಿ. ಹಳ್ಳಿಗಳನ್ನು, ದಾರಿಹೋಕರನ್ನು, ದನಕರುಗಳನ್ನು ಕಳ್ಳರಿಂದ ಕಾಯುತ್ತೇವೆ ಅಂತ ವಸೂಲಿ ಮಾಡುವ ಹಣ. ಯಾವ ಕಳ್ಳರಿಂದ? ಪಕ್ಕದ ಪಾಳೆಗಾರನ ಜನರಿಂದ. ಪಕ್ಕದ ಪಾಳೆಗಾರನೂ ತನ್ನ ಹಳ್ಳಿಗಳಿಂದ ಕಾವಲಿ ಎತ್ತುತ್ತಿದ್ದ, ಈ ಪಾಳೆಗಾರನ ಜನರಿಂದ ಕಾಯುತ್ತೇನೆ ಅಂತ. ಕಾವಲಿ ಕೊಡದ ಊರಲ್ಲಿ ಯಾಕೋ ದನ ಬಹಳ ಕಳುವಾಗುತ್ತಿದ್ದವು.

ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಟಿಲಿ 1985ರ ಒಂದು ಪ್ರಬಂಧದಲ್ಲಿ ಯುರೋಪಿನ ರಾಜ್ಯಗಳು ಹುಟ್ಟಿದ್ದೇ ಹೀಗೆ ಎಂದು ವಾದಿಸಿದ. ಅಪಾಯವನ್ನು ತಾನೇ ತಂದು, ಅದರಿಂದ ಕಾಪಾಡಲು ತಾನೇ ಹಣ ಕೇಳುವವನನ್ನು ನಾವು ರೌಡಿ ಅಂತೀವಿ. ಸರ್ಕಾರಗಳು ಮಾಡಿದ್ದು ಇದಕ್ಕಿಂತ ತೀರಾ ಬೇರೆಯೇ ಅಂತ ಕೇಳಿದ. ಟಿಲಿ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಕಡೆ ಇದನ್ನು ಪ್ರಬಂಧ ಮಾಡಿ ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ ಅಷ್ಟೇ.

ಆದರೆ ಹಳಬರು ಇದಕ್ಕೆ ಒಂದು ಮದ್ದನ್ನೂ ಕಂಡುಕೊಂಡಿದ್ದರು. ಯಲಬುರ್ಗಾ ಸೀಮೆಯ ನಮ್ಮ ಕಾಕಾ ಒಬ್ಬರು ಹೇಳಿದ್ದು: "ತಮ್ಮಾ, ಮೊದ್ಲ ಊರಾಗ ಕಳವಾದ್ರ ತಳವಾರ ಹೆಜ್ಜಿ ಹಿಡದು ಹೋಗ್ಬೇಕಿತ್ತು. ಹೆಜ್ಜಿ ಪಕ್ಕದೂರ ಸೀಮಿ ಮುಟ್ತಂದ್ರ ಜವಾಬ್ದಾರಿ ಆ ಊರಿಂದು. ಮುಟ್ಲಿಲ್ಲಂದ್ರ ಮಾಲು ಹುಡುಕಿ ಕೊಡ್ಬೇಕು, ಇಲ್ಲಾ ತಾನ ತುಂಬಿ ಕೊಡ್ಬೇಕು."

"ಮತ್ತ ತಳವಾರನ ಕದ್ರ ಏನ್ರಿ ಕಾಕಾ?"

"ಅದಕ್ಕ ಅವಂಗ ಹೊಲ ಕೊಟ್ಟಿದ್ರಲೇ. ಕದಿಯೋದಕ್ಕಿಂತ ಹೊಲದಾಗ ಹೆಚ್ಚಿಗಿ ಬರ್ತಿತ್ತು."

ಕಾಕಾ ಹೇಳಿದ್ದು ಬರೀ ಊರಿನ ನೆನಪಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದ ಬ್ರಿಟಿಷ್ ಅಧಿಕಾರಿಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಈ ಪದ್ಧತಿಯನ್ನು ದಾಖಲಿಸಿದ್ದಾರೆ. ಕಳುವಾದ ಮಾಲಿಗೆ ಕಾವಲುಗಾರನೇ ಹೊಣೆ. ಅವನ ಪಗಾರ ಊರಿನ ಬೆಳೆಯಲ್ಲೇ ಒಂದು ಪಾಲು, ಇಲ್ಲವೇ ಇನಾಮು ಹೊಲ. ಅಂದರೆ ಕಳ್ಳತನ ಹೆಚ್ಚಾದರೆ ಅವನಿಗೆ ನಷ್ಟ, ಕಡಿಮೆಯಾದರೆ ಲಾಭ. ಇದು ಎಲ್ಲ ಕಡೆ ಚೆನ್ನಾಗಿ ನಡೆಯಿತು ಅಂತೇನಿಲ್ಲ. ಕಾವಲುಗಾರರೇ ಕಳ್ಳರ ಜೊತೆ ಸೇರಿ ಪಾಲು ತಗೊಂಡ ದೂರುಗಳೂ ಅದೇ ದಾಖಲೆಗಳಲ್ಲಿವೆ. ಆದರೂ ಲೆಕ್ಕ ನೇರವಾಗಿತ್ತು. ಬಳ್ಳಾರಿ ಕಡೆ 1800ರಿಂದ 1807ರವರೆಗೆ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಪಾಳೆಗಾರರನ್ನು ಒಬ್ಬೊಬ್ಬರನ್ನಾಗಿ ಮಟ್ಟ ಹಾಕಿದ. ಆದರೆ ಮುಂದೆ ಮದರಾಸು ಸರ್ಕಾರ 1816ರಲ್ಲಿ ಪೊಲೀಸ್ ಕಾನೂನು ಬದಲಿಸಿ ದರೋಗಾಗಳನ್ನು ತೆಗೆದು ಊರಿನ ತಳಾರಿ, ತಳವಾರರನ್ನೇ ಮತ್ತೆ ನೆಚ್ಚಿಕೊಂಡಾಗ ಅದರ ಹಿಂದೆ ಇದ್ದವನೂ ಇದೇ ಮನ್ರೋ. ಪಾಳೆಗಾರ ಬೇಡ, ತಳವಾರ ಬೇಕು. ಇಬ್ಬರೂ ಕಾಯುವವರೇ, ಆದರೆ ಒಬ್ಬನಿಗೆ ಕಳ್ಳ ಬೇಕು, ಇನ್ನೊಬ್ಬನಿಗೆ ಬೇಡ.

ಇನ್ನು ನಿಜವಾದ ಕಥೆಗೆ ಬರ್ತೀನಿ. ಇದರ ಮುಂದೆ ಪಾಳೆಗಾರರು ಚಿಲ್ಲರೆ ವ್ಯಾಪಾರಿಗಳು.

ಹೈದರಾಬಾದಿನ ನಿಜಾಮ ಅಲಿ ಖಾನನಿಗೆ ಭಯ ಇತ್ತು, ಮತ್ತು ಆ ಭಯ ಸುಳ್ಳಾಗಿರಲಿಲ್ಲ. 1795ರಲ್ಲಿ ಖರ್ಡಾ ಎಂಬಲ್ಲಿ ಮರಾಠರು ಅವನನ್ನು ಸೋಲಿಸಿ ಕೋಟಿಗಟ್ಟಲೆ ದಂಡ ಹೇರಿದರು. ಆಗ ಇಂಗ್ಲಿಷರು ತಟಸ್ಥರಾಗಿ ಕೂತರು. ದಕ್ಷಿಣಕ್ಕೆ ಟಿಪ್ಪು. ನಮ್ಮ ಕೊಪ್ಪಳದ ಕೋಟೆಯೇ ಟಿಪ್ಪುವಿನ ಕೈಯಲ್ಲಿತ್ತು. 1790ರಲ್ಲಿ ನಿಜಾಮನ ಪಡೆ, ಕಂಪನಿಯ ಪಡೆ ಎರಡೂ ಸೇರಿ ಮುತ್ತಿಗೆ ಹಾಕಿ ಅದನ್ನು ತೆಗೆದುಕೊಳ್ಳಲು ಸುಮಾರು ಆರು ತಿಂಗಳು ಬೇಕಾಯಿತು. ಜಾನ್ ಮಾಲ್ಕಮ್ ತಾನು ನೋಡಿದ ಅತಿ ಗಟ್ಟಿಯಾದ ಜಾಗಗಳಲ್ಲಿ ಇದೂ ಒಂದು ಅಂದ ಕೋಟೆ ಅದು. ಈಗಲೂ ಹೋಗಿ ನೋಡಿ, ಬಂಡೆಗಳನ್ನೇ ಗೋಡೆ ಮಾಡಿಕೊಂಡು ಕೂತಿದೆ.

ಈ ಭಯಕ್ಕೆ ಪರಿಹಾರವಾಗಿ 1798ರಲ್ಲಿ ನಿಜಾಮ ಕಂಪನಿಯ ಸೈನ್ಯವನ್ನು ಬಾಡಿಗೆಗೆ ಇಟ್ಟುಕೊಂಡ. ಶಾಲೆಯಲ್ಲಿ ಸಹಾಯಕ ಸೈನ್ಯ ಪದ್ಧತಿ ಅಂತ ಎರಡು ಅಂಕಕ್ಕೆ ಬರೆದಿರುತ್ತೀರಿ. 1799ರಲ್ಲಿ ಟಿಪ್ಪು ಸತ್ತ. ಮರುವರ್ಷ, ಅಂದರೆ 1800ರ ಅಕ್ಟೋಬರಿನಲ್ಲಿ, ಆ ಸೈನ್ಯದ ಬಾಡಿಗೆಗಾಗಿ ನಿಜಾಮ ಟಿಪ್ಪುವಿನ ರಾಜ್ಯದಿಂದ ತನಗೆ ಬಂದಿದ್ದ ಪ್ರದೇಶವನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪಾ. ಗಡಿ ಸಲೀಸಾಗಿ ಇರಲಿ ಅಂತ ತುಂಗಭದ್ರೆಯನ್ನೇ ಗೆರೆ ಮಾಡಿದರು. ಹೊಳೆಯ ಈಚೆಗಿದ್ದ ಕೊಪ್ಪಳ, ಗಜೇಂದ್ರಗಡಗಳನ್ನು ನಿಜಾಮ ಉಳಿಸಿಕೊಂಡು, ಅದಕ್ಕೆ ಬದಲಾಗಿ ಆಚೆಗಿನ ಆದೋನಿಯನ್ನು ಕೊಟ್ಟ. ಹಂಪಿ ಕಂಪನಿಗೆ, ಎದುರು ದಂಡೆಯ ಆನೆಗೊಂದಿ ನಿಜಾಮನಿಗೆ. ಕೊಪ್ಪಳದವರು 1948ರವರೆಗೂ ಹೈದರಾಬಾದಿನ ಪ್ರಜೆಗಳಾಗಿದ್ದು, ಹೊಸಪೇಟೆಯವರು ಮದರಾಸಿನವರಾಗಿದ್ದು, ನಮ್ಮ ಅಜ್ಜಂದಿರು ಉರ್ದು ಶಾಲೆಗೆ ಹೋಗಿದ್ದು, ಇವತ್ತಿಗೂ 371(ಜೆ) ಸರ್ಟಿಫಿಕೇಟಿಗೆ ತಹಸೀಲ್ದಾರ್ ಕಚೇರಿ ಮುಂದೆ ಕ್ಯೂ ನಿಲ್ಲೋದು, ಎಲ್ಲದರ ಹಿಂದೆ ಈ ಒಂದು ಸೆಕ್ಯುರಿಟಿ ಕಾಂಟ್ರ್ಯಾಕ್ಟಿನ ಗೆರೆ ಇದೆ.

ಅಪಾಯ ಮುಗಿದಿತ್ತು, ಬಾಡಿಗೆ ಪೂರ್ತಿ ಕೊಟ್ಟೂ ಆಗಿತ್ತು, ಲೆಕ್ಕ ಚುಕ್ತಾ ಅಲ್ವಾ? ಅಲ್ಲ. ಅದೇ ಒಪ್ಪಂದದ ಹನ್ನೆರಡನೇ ಕಲಮು: ಯುದ್ಧ ಬಂದರೆ ನಿಜಾಮ ತನ್ನ ಸ್ವಂತ ಪಡೆಯಿಂದ 6,000 ಕಾಲಾಳು, 9,000 ಕುದುರೆ ಕಳಿಸಬೇಕು. ಯುದ್ಧ ಬಂದರೆ. 1803ರ ಮರಾಠಾ ಯುದ್ಧದಲ್ಲಿ ನಿಜಾಮನ ಪಡೆ ಏನೂ ಪ್ರಯೋಜನಕ್ಕೆ ಬರಲಿಲ್ಲ ಅಂತ ಕಂಪನಿಯವರು ಗೊಣಗಿದರು. ಮುಂದೆ ಹೈದರಾಬಾದಿನ ರೆಸಿಡೆಂಟ್ ಹೆನ್ರಿ ರಸೆಲ್ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಕವಾಯತು ಕಲಿತ ಒಂದು ಪಡೆ ಕಟ್ಟಿದ. ಮೊದಲು ರಸೆಲ್ ಬ್ರಿಗೇಡ್, ಆಮೇಲೆ ಹೈದರಾಬಾದ್ ಕಂಟಿಂಜೆಂಟ್. ಗಮನಿಸಿ: ಬಾಡಿಗೆ ಸೈನ್ಯ ಒಂದು ಕಡೆ ಇದ್ದೇ ಇದೆ, ಅದಕ್ಕೆ ಜಿಲ್ಲೆಗಳು ಹೋಗಿವೆ. ಇದು ಅದರ ಮೇಲೆ ಇನ್ನೊಂದು. ಸಂಬಳ ಕೊಡುವವನು ನಿಜಾಮ, ಅಧಿಕಾರಿಗಳನ್ನು ನೇಮಿಸುವವನು ರೆಸಿಡೆಂಟ್.

1818ರ ಹೊತ್ತಿಗೆ ಪೇಶ್ವೆ ಮುಗಿದ, ಪಿಂಡಾರಿಗಳು ಮುಗಿದರು. ದಖ್ಖನಿನಲ್ಲಿ ನಿಜಾಮನ ಮೇಲೆ ದಂಡೆತ್ತಿ ಬರುವ ತಾಕತ್ತಿನ ಒಂದು ರಾಜ್ಯವೂ ಉಳಿಯಲಿಲ್ಲ. ಕಂಟಿಂಜೆಂಟ್ ಮಾತ್ರ ಉಳಿಯಿತು, ಬೆಳೆಯಿತು. ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ ನುಂಗುವ ಮಟ್ಟಕ್ಕೆ ಬಂತು. ನಮ್ಮ ದೋಆಬಿನ ಲಿಂಗಸುಗೂರಿನಲ್ಲೂ ಅದರ ದಂಡು ಬೀಡುಬಿಟ್ಟಿತ್ತು. ಕಂಪನಿಯ ಸ್ವಂತ ಸೈನ್ಯಕ್ಕಿಂತ ಇಲ್ಲಿ ಭತ್ಯೆ ಹೆಚ್ಚು, ಹಾಗಾಗಿ ಇಲ್ಲಿನ ಹುದ್ದೆಗೆ ಶಿಫಾರಸಿನ ಸಾಲು. ಯಾರ ಮಗನಿಗೆ, ಯಾರ ಅಳಿಯನಿಗೆ ಅಂತ ರೆಸಿಡೆಂಟ್ ಹಂಚಬಹುದಾದ ಸವಲತ್ತು ಅದು. ಬಿಲ್ಲು ಎಷ್ಟಾದರೂ ಆಗಲಿ, ಬಡಪಾಯಿ ನಿಜಾಮ ಕೊಡ್ತಾನೆ ಬಿಡಿ ಅನ್ನೋ ಅರ್ಥದ ಒಂದು ಜೋಕು ಇಂಗ್ಲಿಷ್ ಅಧಿಕಾರಿಗಳ ನಡುವೆ ಚಾಲ್ತಿಯಲ್ಲಿತ್ತು.

ಸರಿ, ಈ ಪಡೆ ಮಾಡುತ್ತಿದ್ದ ಕೆಲಸ ಏನು? ಇಲ್ಲಿಂದ ಮುಂದಿನದ್ದೇ ನನಗೆ ಅತಿ ಮುಖ್ಯ ಅನ್ನಿಸೋದು. ಆಡಳಿತ ಚಂದೂಲಾಲನ ಕೈಯಲ್ಲಿತ್ತು. ಕಂಟಿಂಜೆಂಟಿನ ಸಂಬಳ ತಪ್ಪುವಂತಿಲ್ಲ. ತಪ್ಪಿದರೆ ರೆಸಿಡೆಂಟ್ ಬಾಗಿಲಿಗೆ ಬರುತ್ತಾನೆ. ಅದಕ್ಕಾಗಿ ಅವನು ಸಾಹುಕಾರರಿಂದ, ಅರಬ್ ಜಮಾದಾರರಿಂದ, ವಿಲಿಯಂ ಪಾಮರ್ ಕಂಪನಿಯಿಂದ ಸಾಲ ಎತ್ತಿದ. ಪಾಮರ್ ಕಂಪನಿಯ ಬಡ್ಡಿ ನೂರಕ್ಕೆ 24ರ ಆಸುಪಾಸು. ಬಡ್ಡಿ ತೀರಿಸಲು ತಾಲೂಕುಗಳನ್ನು ಹೆಚ್ಚು ಕೂಗಿದವನಿಗೆ ಗುತ್ತಿಗೆ ಕೊಟ್ಟ, ಸಾಲ ಕೊಟ್ಟವರಿಗೇ ಅಡವಿಟ್ಟ. ಗುತ್ತಿಗೆದಾರ ರೈತನನ್ನು ಹಿಂಡಿದ. ರೈತ ಊರು ಬಿಟ್ಟ. ದೇಸಾಯಿ, ಜಮೀನ್ದಾರ ಕಂದಾಯ ಕೊಡಲ್ಲ ಅಂತ ಕೋಟೆ ಬಾಗಿಲು ಹಾಕಿಕೊಂಡ. ಕೋಟೆ ಬಾಗಿಲು ಒಡೆಯಲು ಯಾರು ಬೇಕು? ಕಂಟಿಂಜೆಂಟ್. ನೋಡಿದಿರಾ, ಎಷ್ಟು ದಂಗೆ ಆಗ್ತಿದೆ, ಈ ಪಡೆ ಇಲ್ಲದಿದ್ದರೆ ಏನು ಗತಿ ಅಂತ ರೆಸಿಡೆನ್ಸಿಯವರು ಬರೆದರು. ಅವರು ಬರೆದದ್ದು ಸುಳ್ಳೂ ಅಲ್ಲ. ಪಡೆಯ ಖರ್ಚಿನಿಂದ ಹುಟ್ಟಿದ ಗಲಭೆ, ಗಲಭೆಯಿಂದ ಪಡೆಗೆ ಕೆಲಸ.

ಇದರಲ್ಲಿ ಯಾರೂ ಒಂದು ಕೋಣೆಯಲ್ಲಿ ಕೂತು ಸಂಚು ಮಾಡಬೇಕಾಗಿಲ್ಲ. ಭದ್ರತಾ ಸಂಸ್ಥೆಗಳು ಬೇಕಂತಲೇ ಅಪಾಯವನ್ನು ಜೀವಂತ ಇಡುತ್ತವೆ ಅಂತ ವಾಟ್ಸ್ಆ್ಯಪ್‌ನಲ್ಲಿ ವಾದ ಮಾಡುವವರು ಯಾವಾಗಲೂ ಆ ಕೋಣೆಯನ್ನು ಹುಡುಕ್ತಾರೆ, ಸಿಗದೆ ಹೋದಾಗ ಇನ್ನೂ ಗಟ್ಟಿಯಾಗಿ ನಂಬುತ್ತಾರೆ. ಕೋಣೆಯೇ ಇಲ್ಲ. ಪ್ರತಿಯೊಬ್ಬನೂ ತನ್ನ ಕೆಲಸವನ್ನು ಮಾಡುತ್ತಿದ್ದ. ಲಿಂಗಸುಗೂರಿನ ಕ್ಯಾಪ್ಟನ್ ಕೂಡ ಪ್ರಾಮಾಣಿಕವಾಗಿಯೇ ದಂಗೆ ಅಡಗಿಸುತ್ತಿದ್ದ. ಈ ಪಡೆ ಇನ್ನು ಸಾಕು ಅಂತ ಹೇಳಿದರೆ ಲಾಭ ಆಗುವ ಒಬ್ಬನೇ ಒಬ್ಬ ಮನುಷ್ಯ ಮಾತ್ರ ಆ ವ್ಯವಸ್ಥೆಯೊಳಗೆ ಇರಲಿಲ್ಲ. ನಿಜಾಮನನ್ನು ಬಿಟ್ಟು. ಅವನ ವಿಷಯಕ್ಕೆ ಆಮೇಲೆ ಬರೋಣ.

ಇದೇ ಕಂಟಿಂಜೆಂಟಿನ ಒಬ್ಬ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಾರಣಕ್ಕೆ ನಮ್ಮ ಕಡೆಯವರಿಗೆ ಪರಿಚಿತ ಹೆಸರು. 1839ರಲ್ಲಿ ಅವನು ಠಕ್ಕರ ಬಗ್ಗೆ ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಭರ್ಜರಿ ಓಡಿತು. ಠಕ್ಕರನ್ನು ಹಿಡಿಯಲು ವಿಲಿಯಂ ಸ್ಲೀಮನ್ ನೇತೃತ್ವದಲ್ಲಿ ಒಂದು ಇಲಾಖೆಯೇ ಇತ್ತು. ಅದರ ಸಾಕ್ಷ್ಯ ನಿಂತಿದ್ದು ಮಾಫಿ ಸಾಕ್ಷಿಗಳ ಮೇಲೆ: ಸಿಕ್ಕಿಬಿದ್ದವನು ಇನ್ನಷ್ಟು ಹೆಸರು ಹೇಳಿದರೆ ಅವನ ಜೀವ ಉಳಿಯುತ್ತದೆ. ಹೆಸರುಗಳಿಗೆ ಬರ ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಠಕ್ಕರ ಕಥೆ ಮುಗಿಯುತ್ತಾ ಬಂದಾಗ ಇಲಾಖೆ ಮುಚ್ಚಲಿಲ್ಲ. 1839ರಲ್ಲಿ ಡಕಾಯಿತಿಯನ್ನೂ ಅದಕ್ಕೆ ಸೇರಿಸಿದರು. ಹೀಗೆ ಅದು 1904ರವರೆಗೆ ನಡೆಯಿತು. ಆಗಲೂ ಸಾಯಲಿಲ್ಲ, ಕೇಂದ್ರ ಅಪರಾಧ ಗುಪ್ತಚರ ಇಲಾಖೆಯಾಗಿ ರೂಪ ಬದಲಿಸಿತು. ಇವತ್ತಿನ ಇಂಟೆಲಿಜೆನ್ಸ್ ಬ್ಯೂರೋದ ವಂಶವೃಕ್ಷ ಅಲ್ಲಿಗೆ ಹೋಗುತ್ತದೆ.

ನಮ್ಮ ಕಾಲದ್ದನ್ನೇ ನೋಡಿ. ಕರ್ನಾಟಕದ ನಕ್ಸಲ್ ನಿಗ್ರಹ ಪಡೆ ಕಾರ್ಕಳದಲ್ಲಿ ಕೂತು ಸುಮಾರು ಎರಡು ದಶಕ ಕೆಲಸ ಮಾಡಿತು. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಮುಖ್ಯಮಂತ್ರಿಯ ಮುಂದೆ ಶರಣಾದರು. ಅದೇ ವರ್ಷ ಕರಾವಳಿಯ ಕೋಮು ಗಲಭೆ ತಡೆಯಲು ವಿಶೇಷ ಕಾರ್ಯಪಡೆ ಬಂತು, ಸಿಬ್ಬಂದಿಯ ಒಂದು ಭಾಗ ಈ ನಕ್ಸಲ್ ನಿಗ್ರಹ ಪಡೆಯಿಂದಲೇ ಹೋಯಿತು. ಇದನ್ನು ನಾನು ತಪ್ಪು ಅಂತ ಹೇಳ್ತಿಲ್ಲ. ತರಬೇತಾದ ಪೊಲೀಸರನ್ನು ಸುಮ್ಮನೆ ಕೂರಿಸುವುದಕ್ಕಿಂತ ಬೇಕಾದ ಕಡೆ ಹಾಕುವುದು ವಾಸಿ. ಒಂದು ಬೆದರಿಕೆ ಮುಗಿದಿದೆ ಅಂತ ಸರ್ಕಾರ ಬಾಯಿಬಿಟ್ಟು ಹೇಳಿದ್ದೂ ಸಣ್ಣ ವಿಷಯ ಅಲ್ಲ. ಆದರೆ ಠಕ್ಕರಿಂದ ಡಕಾಯಿತರಿಗೆ ದಾಟಿದ ಇಲಾಖೆ ನೆನಪಾಗದೆ ಇರೋದಿಲ್ಲ.

ನಾನು ಹೊಟ್ಟೆಪಾಡಿಗೆ ಮಾಡೋದು ಸೈಬರ್ ಸೆಕ್ಯುರಿಟಿ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಒಂದು ವರ್ಷ ಏನೂ ಆಗಲಿಲ್ಲ. ಒಂದೂ ದೊಡ್ಡ ದಾಳಿ ಇಲ್ಲ, ಡೇಟಾ ಸೋರಿಲ್ಲ. ಬಜೆಟ್ ಮೀಟಿಂಗಿನಲ್ಲಿ ಮೇಲಿನವರು ಕೇಳಿದ್ದು ಒಂದೇ: ಏನೂ ಆಗಿಲ್ಲ ಅಂದಮೇಲೆ ಇಷ್ಟು ಜನ ಯಾಕೆ? ಇಬ್ಬರನ್ನು ತೆಗೆದರು. ಮುಂದಿನ ವರ್ಷದಿಂದ ನಮ್ಮ ಮ್ಯಾನೇಜರ್ ಪ್ರತಿ ತಿಂಗಳೂ ಎಷ್ಟು ಸಾವಿರ ದಾಳಿಗಳನ್ನು ತಡೆದೆವು ಅಂತ ಕೆಂಪು ಬಣ್ಣದ ಗ್ರಾಫು ತೋರಿಸೋಕೆ ಶುರು ಮಾಡಿದರು. ಅದರಲ್ಲಿ ಮುಕ್ಕಾಲು ಪಾಲು ಇಂಟರ್ನೆಟ್ಟಿನಲ್ಲಿ ಸದಾ ಇರುವ ಕಸ, ಯಾರ ಬಾಗಿಲನ್ನಾದರೂ ತಟ್ಟಿ ಹೋಗುವಂಥದ್ದು. ಬಜೆಟ್ ವಾಪಸ್ ಬಂತು. ಆ ಮ್ಯಾನೇಜರ್ ಕೆಟ್ಟವರಲ್ಲ. ಕೆಲಸ ಚೆನ್ನಾಗಿ ಮಾಡಿದವರಿಗೆ ಶಿಕ್ಷೆ ಸಿಕ್ಕಿದ್ದನ್ನು ಕಂಡವರು, ಅಷ್ಟೇ. ಹಾಗಾಗಿ ಕಂಟಿಂಜೆಂಟಿನ ಅಧಿಕಾರಿಗಳನ್ನು ಬಯ್ಯುವಾಗ ನನ್ನ ನಾಲಿಗೆ ಸ್ವಲ್ಪ ಮೆತ್ತಗಾಗುತ್ತದೆ.

ಕೊಪ್ಪಳಕ್ಕೆ ಮರಳೋಣ. ದಂಗೆಗಳು ಕಲ್ಪನೆಯಾಗಿರಲಿಲ್ಲ ಅಂದೆನಲ್ಲ. 1819ರಲ್ಲಿ ವೀರಪ್ಪ ಎಂಬ ಜಮೀನ್ದಾರ ಕೊಪ್ಪಳದ ಕೋಟೆ ಹಿಡಿದು ಕೂತ. ಜನರಲ್ ಪ್ರಿಟ್ಜ್ಲರ್ ದಂಡು ತಂದು ಬಿಡಿಸಬೇಕಾಯಿತು. 1858ರ ಬೇಸಿಗೆಯ ಕೊನೆಯಲ್ಲಿ ಮುಂಡರಗಿಯ ಭೀಮರಾಯ, ಹಮ್ಮಿಗೆಯ ಕೆಂಚನಗೌಡ ಮತ್ತೆ ಅದೇ ಕೋಟೆ ಹೊಕ್ಕರು. ಮೇಜರ್ ಹ್ಯೂಸ್‌ನ ಪಡೆ ಬಂದು ಕೋಟೆಯನ್ನು ಮರಳಿ ಹಿಡಿಯಿತು, ಇಬ್ಬರೂ ಅಲ್ಲೇ ಪ್ರಾಣ ಬಿಟ್ಟರು. ಅದೇ ವರ್ಷ ನಿಜಾಮನ ಹೆಸರಿನ ಕಂಟಿಂಜೆಂಟ್ ಎಲ್ಲಿ ಹೋರಾಡುತ್ತಿತ್ತು ಗೊತ್ತಾ? ಮಧ್ಯ ಭಾರತದಲ್ಲಿ, ಸರ್ ಹ್ಯೂ ರೋಸ್‌ನ ಜೊತೆ, ಝಾನ್ಸಿಯ ರಾಣಿಯ ವಿರುದ್ಧದ ದಂಡಯಾತ್ರೆಯಲ್ಲಿ.

ಅಷ್ಟು ಹೊತ್ತಿಗೆ ಬಿಲ್ಲು ಬಂದಾಗಿತ್ತು. ಸಂಬಳ ಬಾಕಿ ಬಿದ್ದಾಗಲೆಲ್ಲ ಕಂಪನಿ ತನ್ನ ಖಜಾನೆಯಿಂದ ಕೊಟ್ಟು ನಿಜಾಮನ ಹೆಸರಿಗೆ ಸಾಲ ಬರೆದುಕೊಂಡಿತ್ತು. 1853ರಲ್ಲಿ ಲಾರ್ಡ್ ಡಾಲ್‌ಹೌಸಿ ವಸೂಲಿಗೆ ನಿಂತ. ಸ್ವಾರಸ್ಯ ಏನೆಂದರೆ, ಶಾಂತಿಕಾಲದಲ್ಲೂ ಈ ಪಡೆ ಸಾಕಬೇಕು ಅಂತ 1800ರ ಒಪ್ಪಂದ ಎಲ್ಲೂ ಹೇಳುವುದಿಲ್ಲ, ಪ್ರಾಮಾಣಿಕ ಮನುಷ್ಯನಾಗಿ ನಾನು ಹಾಗೆ ವಾದಿಸಲಾರೆ ಅಂತ ಸ್ವತಃ ಡಾಲ್‌ಹೌಸಿಯೇ ಟಿಪ್ಪಣಿ ಬರೆದಿದ್ದ. ಬರೆದು, ವಸೂಲಿ ಮುಂದುವರಿಸಿದ.

ಈಗ ನಿಜಾಮ. ಪಡೆ ಬೇಡ ಅನ್ನಲು ಕಾರಣ ಇದ್ದ ಒಬ್ಬನೇ ಮನುಷ್ಯ ಅಂದೆನಲ್ಲ. ರೆಸಿಡೆಂಟ್ ಕರ್ನಲ್ ಲೋ ಅವನ ಮುಂದೆ ಕೂತಾಗ ನಾಸಿರುದ್ದೌಲ ಹೇಳಿದ್ದು: ಅರಸನಿಗೆ ಎರಡು ಕೆಲಸ ಅವಮಾನ. ಒಂದು, ಕಾರಣವಿಲ್ಲದೆ ಪಿತ್ರಾರ್ಜಿತ ನೆಲ ಬಿಟ್ಟುಕೊಡುವುದು. ಇನ್ನೊಂದು, ತನಗೆ ನಿಷ್ಠೆಯಿಂದ ದುಡಿದ ಸೈನಿಕರನ್ನು ಮನೆಗೆ ಕಳಿಸುವುದು. ತನ್ನನ್ನು ಮುಳುಗಿಸಿದ ಪಡೆಯನ್ನೇ ವಿಸರ್ಜಿಸಲು ಅವನಿಗೂ ಮನಸ್ಸಿಲ್ಲ! ಮೂವತ್ತು ನಲವತ್ತು ವರ್ಷ ಕಣ್ಣೆದುರು ಕವಾಯತು ಮಾಡಿದ ಪಡೆ ಮರ್ಯಾದೆಯ ಭಾಗವಾಗಿಬಿಟ್ಟಿರುತ್ತದೆ. ಹಣ ಕೊಡುವವನಿಗೇ ಅದಿಲ್ಲದೆ ಬದುಕು ಕಲ್ಪಿಸಿಕೊಳ್ಳೋಕೆ ಆಗೋದಿಲ್ಲ. ಭದ್ರತೆಯ ಅರ್ಥಶಾಸ್ತ್ರ ಬರೆಯುವವರು ಇಲಾಖೆಯ ಲಾಭವನ್ನು ಲೆಕ್ಕ ಹಾಕುತ್ತಾರೆ, ಗಿರಾಕಿಯ ಈ ಅಂಟನ್ನು ಲೆಕ್ಕ ಹಾಕಿದವರು ಕಡಿಮೆ.

ಕೊನೆಗೆ 1853ರ ಮೇ 21ರಂದು ಒಪ್ಪಂದವಾಯಿತು. ಬೀರಾರ್, ಧಾರಾಶಿವ ಮತ್ತು ನಮ್ಮ ರಾಯಚೂರು ದೋಆಬ್, ಒಟ್ಟು ವರ್ಷಕ್ಕೆ ಸುಮಾರು 50 ಲಕ್ಷ ಹುಟ್ಟುವಳಿಯ ಸೀಮೆ, ಕಂಟಿಂಜೆಂಟಿನ ಖರ್ಚಿಗೆ ಅಂತ ಕಂಪನಿಯ ಕೈಸೇರಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತೀವಲ್ಲ, ಇದು ಅದಲ್ಲ. ಇಲ್ಲಿ ಬೇಲಿ ತನ್ನ ಜಾಗದಲ್ಲೇ ನಿಂತಿತ್ತು, ಬೇಲಿಯ ಬಾಡಿಗೆಗೆ ಹೊಲ ಹೋಯಿತು. ಖರ್ಚು ತನ್ನ ಕೈಯಿಂದ ಆಗತೊಡಗಿದ ಮೇಲೆ ಕಂಪನಿ ಅದೇ ಪಡೆಯನ್ನು ಬಹಳ ಕಡಿಮೆ ದುಡ್ಡಿನಲ್ಲಿ ನಡೆಸಿತು ಅನ್ನೋದನ್ನು ದಿವಾನ ಸಾಲಾರ್ ಜಂಗ್ ಮುಂದೆ ಪತ್ರದ ಮೇಲೆ ಪತ್ರ ಬರೆದು ತೋರಿಸಿದ. ಆಗ ಅವನ ವಯಸ್ಸು ಎಷ್ಟು ಅಂತೀರಿ? ಆ ಒಪ್ಪಂದವಾದ ತಿಂಗಳಲ್ಲೇ, 24ರ ಪ್ರಾಯದಲ್ಲಿ ದಿವಾನನಾದವನು. ಕೊಪ್ಪಳ ಅವನ ಮನೆತನದ ಜಾಗೀರು.

1857ರಲ್ಲಿ ನಿಜಾಮ ಬ್ರಿಟಿಷರ ಕಡೆ ನಿಂತಿದ್ದಕ್ಕೆ ಬಹುಮಾನವಾಗಿ 1860ರಲ್ಲಿ ದೋಆಬ್ ಮತ್ತು ಧಾರಾಶಿವ ವಾಪಸ್ ಬಂದವು, ಸಾಲವೂ ಮನ್ನಾ ಆಯಿತು. ಬೀರಾರ್ ಬರಲಿಲ್ಲ. ಸಾಲಾರ್ ಜಂಗ್ ಸಾಯುವವರೆಗೂ ಅದನ್ನು ಕೇಳಿದ. 1902ರಲ್ಲಿ ಲಾರ್ಡ್ ಕರ್ಜನ್ ಬೀರಾರನ್ನು ವರ್ಷಕ್ಕೆ 25 ಲಕ್ಷಕ್ಕೆ ಶಾಶ್ವತ ಗುತ್ತಿಗೆ ಮಾಡಿಸಿಕೊಂಡ. ಆಮೇಲೆ, 1903ರಲ್ಲಿ, ಕಂಟಿಂಜೆಂಟನ್ನು ಭಾರತೀಯ ಸೈನ್ಯದಲ್ಲಿ ಕರಗಿಸಿದರು. ಯಾವ ಪಡೆಯ ಖರ್ಚಿಗೆ ಅಂತ ನೆಲ ಹೋಗಿತ್ತೋ ಆ ಪಡೆಯೇ ಇಲ್ಲವಾಯಿತು. ನೆಲ ಮಾತ್ರ ಹಿಂತಿರುಗಲಿಲ್ಲ. 1936ರಲ್ಲಿ ಮತ್ತೊಂದು ಒಪ್ಪಂದವಾಗಿ, ಬೀರಾರಿನ ಮೇಲೆ ನಿಜಾಮನ ಸಾರ್ವಭೌಮತ್ವವನ್ನು ಕಾಗದದ ಮೇಲೆ ಒಪ್ಪಿಕೊಂಡು, ಅವನ ಹಿರಿಯ ಮಗನಿಗೆ ಪ್ರಿನ್ಸ್ ಆಫ್ ಬೀರಾರ್ ಅಂತ ಬಿರುದು ಕೊಟ್ಟರು.